ಚಿಕ್ಕಮ್ಮ ಮುಖ ಎತ್ತಿಸಿಕೊಂಡದ್ದು

ನಮ್ಮ ಚಿಕ್ಕಮ್ಮ ಇಪ್ಪತ್ತೆಂಟು ವರ್ಷದಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿರುವವಳು. ಡ್ರೈವಿಂಗ್ ಸ್ಕೂಲಿನ ಸಣ್ಣ ಬಿಳಿ ಕಾರಿನಲ್ಲಿ ಕಲಿಯುವವರ ಪಕ್ಕದ ಸೀಟು ಅವಳದು. ಅವಳ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು. ಎದುರಿಗೆ ಅವಳಿಗೆಂದೇ ಇನ್ನೊಂದು ಕನ್ನಡಿ. ಊರಲ್ಲಿ ಸ್ಟೇರಿಂಗ್ ಹಿಡಿದವರಲ್ಲಿ ಅರ್ಧ ಜನ ಅವಳ ಪಕ್ಕ ಕೂತು ಬೆವರಿದವರೇ. ಬೆನ್ನ ಹಿಂದೆ ಅವಳನ್ನು ‘ಬ್ರೇಕಮ್ಮ’ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. “ಬ್ರೇಕ್ ಫೇಲಮ್ಮ ಅನ್ನಲಿಲ್ವಲ್ಲ, ಅಷ್ಟು ಸಾಕು,” ಎನ್ನುತ್ತಿದ್ದಳು.

ಮದುವೆ ಆಗಿರಲಿಲ್ಲ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬಳೇ ಇದ್ದಳು. ನನ್ನ ಅಮ್ಮ ಅವಳಿಗೆ ಐದು ವರ್ಷ ದೊಡ್ಡವಳು, ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಕ್ಕತಂಗಿಯರು ದಿನಕ್ಕೊಮ್ಮೆ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಐವತ್ತಾರರಲ್ಲಿ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ತಗುಲಿತು. ಮೈ ಇಳಿಸದಿದ್ದರೆ ಮಂಡಿ ಕೈಕೊಡುತ್ತದೆ ಎಂದೂ ಡಾಕ್ಟರು ಹೇಳಿದರು. ಅವಳು ಹಟ ಹಿಡಿದಳು. ಬೆಳಗಾಗುತ್ತಲೇ ನಡಿಗೆ, ತಟ್ಟೆಯಲ್ಲಿ ಅರ್ಧ ಊಟ. ಒಂದೂವರೆ ವರ್ಷದಲ್ಲಿ ಮೂವತ್ತು ಕಿಲೋ ಇಳಿದಳು. ಅವಳ ಬಟ್ಟೆಗಳನ್ನು ಒಳಹಾಕಿ ಹೊಲಿದು ಹೊಲಿದು ಅಮ್ಮನಿಗೆ ಸಾಕಾಯಿತು. ಮಂಡಿ ಸರಿಹೋಯಿತು, ಸಕ್ಕರೆ ಹದಕ್ಕೆ ಬಂತು. ಆದರೆ ಮೈ ಇಳಿದ ಸುದ್ದಿಯನ್ನು ಮುಖದ ಚರ್ಮಕ್ಕೆ ಯಾರೂ ಹೇಳಿದ ಹಾಗಿರಲಿಲ್ಲ. ಕೆನ್ನೆ ಜೋತುಬಿದ್ದು ದವಡೆಯ ಆಚೀಚೆ ಎರಡು ಪುಟ್ಟ ಚೀಲಗಳಾದವು. ಬಾಯಿಯ ತುದಿಗಳು ಕೆಳಗೆ ಬಾಗಿದವು. ಗದ್ದದಡಿಯ ಚರ್ಮ ಸಡಿಲ ಕಾಲರಿನಂತೆ ಅಲುಗಾಡುತ್ತಿತ್ತು. ಸುಮ್ಮನೆ ಕೂತಿದ್ದರೂ ಯಾರ ಮೇಲೋ ಮುನಿಸಿಕೊಂಡವಳಂತೆ ಕಾಣುತ್ತಿದ್ದಳು.

“ಯಾಕೆ ಬೇಜಾರಾಗಿದೀರಾ?” ಎಂದು ದಿನಕ್ಕೆ ನಾಲ್ಕು ಜನ ಕೇಳುತ್ತಿದ್ದರು. ಬದುಕಿನಲ್ಲಿ ಎಂದೂ ಇಲ್ಲದಷ್ಟು ಹಗುರಾಗಿದ್ದ ಹೆಂಗಸನ್ನು ಕೇಳುವ ಪ್ರಶ್ನೆಯೇ ಅದು?

ಆಗ ಅವಳ ಬಳಿ ಬೇಕರಿಯವರೊಬ್ಬರು ಕಲಿಯುತ್ತಿದ್ದರು. ಐವತ್ತು ದಾಟಿದ, ದಪ್ಪ ಕೈಗಳ, ಮೆತ್ತನೆಯ ಮನುಷ್ಯ. ಬ್ರೆಡ್ಡು ಸಾಗಿಸುವ ವ್ಯಾನನ್ನು ತಾವೇ ಓಡಿಸಬೇಕೆಂಬ ಆಸೆ. ಮೂರು ಸಲ ಲೈಸೆನ್ಸ್ ಪರೀಕ್ಷೆಗೆ ಹೋಗಿ ಮೂರು ಸಲವೂ ಫೇಲಾಗಿದ್ದರು. ಒಂದು ಬೆಳಿಗ್ಗೆ ಅವರು ಇದ್ದಕ್ಕಿದ್ದಂತೆ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು.

“ತಪ್ಪಾಯ್ತು ಮೇಡಂ,” ಎಂದರು.

“ಏನು ತಪ್ಪಾಯ್ತು? ಚೆನ್ನಾಗೇ ಓಡಿಸ್ತಾ ಇದ್ರಲ್ಲ.”

“ಇಲ್ಲ, ಆ ತಿರುವಿನಿಂದ ನಿಮ್ಮ ಮುಖ ನೋಡ್ತಾ ಇದೀನಿ. ಏನೋ ದೊಡ್ಡ ತಪ್ಪೇ ಮಾಡಿದೀನಿ ಅನ್ಸುತ್ತೆ.”

ಆ ತಿರುವಿನಲ್ಲಿ ಚಿಕ್ಕಮ್ಮ ಮನಸ್ಸಿನಲ್ಲೇ ಅವರನ್ನು ಮೆಚ್ಚಿಕೊಳ್ಳುತ್ತಿದ್ದಳಂತೆ. ಅವಳು ತನ್ನ ಕನ್ನಡಿಯನ್ನು ತನ್ನ ಕಡೆಗೇ ತಿರುಗಿಸಿ ನೋಡಿಕೊಂಡಳು. ಅಂದು ಸಂಜೆ ನಮ್ಮ ಮನೆಗೆ ಬಂದು, ಕತ್ತರಿಸುವ ಮೇಜಿನ ಮೇಲೆ ಕೈಯೂರಿ, “ಅಕ್ಕ, ನಾನು ಆಪರೇಷನ್ ಮಾಡಿಸಿ ಮುಖ ಎತ್ತಿಸ್ಕೋತೀನಿ,” ಎಂದಳು.

ಅಮ್ಮ ಬಾಯಿಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. “ಈ ವಯಸ್ಸಲ್ಲಿ ಮುಖಕ್ಕೆ ಇಸ್ತ್ರಿ ಹಾಕಿಸ್ಕೋತೀಯಾ? ಯಾರಿಗೆ ತೋರ್ಸೋಕೆ?”

“ನಂಗೇ ತೋರ್ಸ್ಕೊಳೋಕೆ.”

“ತಲೆ ಕೆಟ್ಟಿದೆ ನಿಂಗೆ. ದೇವರು ಕೊಟ್ಟ ಮುಖ ಕಣೇ ಅದು.”

“ದೇವರು ಕೊಟ್ಟಾಗ ಹೀಗಿರಲಿಲ್ಲ ಬಿಡು. ನಿನ್ನ ಹತ್ರ ಜನ ಸಡಿಲ ಆದ ಬಟ್ಟೆ ತಂದ್ರೆ, ಹಾಗೇ ಹಾಕ್ಕೊಳ್ಳಿ ಅಂತ ವಾಪಸ್ ಕಳಿಸ್ತೀಯಾ?”

ಅಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನಾಗಿಯೇ, “ಆಪರೇಷನ್ ಆದ್ಮೇಲೆ ನಮ್ಮನೇಲೇ ಇರು, ಅಲ್ಲಿ ನಿಂಗೆ ನೀರು ಕೊಡೋರೂ ಇಲ್ಲ,” ಎಂದಳು.

ಆಪರೇಷನ್ ಮಾಡುವ ಡಾಕ್ಟರರ ಬಳಿ ನಾನೂ ಹೋಗಿದ್ದೆ. ಕಮ್ಮಿ ಮಾತಿನ ಹೆಂಗಸು. ಚಿಕ್ಕಮ್ಮನ ಸಕ್ಕರೆಯ ಲೆಕ್ಕ ನೋಡಿದರು, ರಕ್ತ ತೆಳುವಾಗಿಸುವ ಯಾವ ಮಾತ್ರೆಯನ್ನೂ ತಮ್ಮನ್ನು ಕೇಳದೆ ನುಂಗಬಾರದು ಎಂದರು, ಸಿಗರೇಟು ಇದೆಯೇ ಎಂದು ಎರಡೆರಡು ಸಲ ಕೇಳಿದರು. “ನೀವು ಮೂವತ್ತರ ಹುಡುಗಿ ಆಗಲ್ಲ. ಐವತ್ತೆಂಟರ, ಚೆನ್ನಾಗಿ ನಿದ್ದೆ ಮಾಡಿದ ಹೆಂಗಸಾಗ್ತೀರಿ, ಅಷ್ಟೆ,” ಎಂದರು. ಆಮೇಲೆ ಇನ್ನೊಂದು ಮಾತು: “ಮೊದಲ ಎರಡು ವಾರ ಕನ್ನಡಿ ನೋಡಬೇಡಿ ಅಂತ ಹೇಳಿದ್ರೂ ನೀವು ಕೇಳಲ್ಲ. ನೋಡಿ. ನೋಡಿದ್ದನ್ನ ನಂಬಬೇಡಿ.”

ಆಪರೇಷನ್ ಐದು ಗಂಟೆ ಹಿಡಿಯಿತು. ಮರುದಿನ ಅವಳನ್ನು ಮನೆಗೆ ಕರೆತಂದೆವು. ತಲೆಯ ಸುತ್ತ, ಗದ್ದದಡಿಯವರೆಗೆ ಬಿಳಿ ಬ್ಯಾಂಡೇಜು. ಎರಡು ಕಿವಿಗಳ ಹಿಂದಿನಿಂದ ಒಂದೊಂದು ಸಣ್ಣ ಕೊಳವೆ. ಅದರ ತುದಿಯ ಪ್ಲಾಸ್ಟಿಕ್ ಡಬ್ಬಿಗೆ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ತನ್ನ ಹೊಲಿಗೆಯ ಕೋಣೆಯಲ್ಲೇ ಹಾಸಿಗೆ ಹಾಕಿ, ಬಟ್ಟೆಯ ಗಂಟುಗಳನ್ನೆಲ್ಲ ತಂದು ಪೇರಿಸಿ ಒರಗಲು ಗುಡ್ಡ ಕಟ್ಟಿದ್ದಳು. ತಲೆ ಎದೆಗಿಂತ ಮೇಲಿರಬೇಕು, ಮಲಗಿದರೂ ಕೂತಂತೆ ಮಲಗಬೇಕು, ಮಗ್ಗುಲಾಗಬಾರದು. ಬಗ್ಗಬಾರದು, ಭಾರ ಎತ್ತಬಾರದು. ಚಮಚದಲ್ಲಿ ತಿನ್ನುವಂಥ ಮೆತ್ತನೆಯ ಊಟ. ಜೋರಾಗಿ ನಗಬಾರದು ಎಂದೂ ನರ್ಸು ಹೇಳಿ ಕಳಿಸಿದ್ದಳು. ನಮ್ಮ ಮನೆಯಲ್ಲಿ ಆ ಒಂದು ಪಥ್ಯ ಕಷ್ಟದ್ದು.

“ನೋವಾಗ್ತಿದ್ಯಾ?” ಎಂದು ಅಮ್ಮ ಗಳಿಗೆಗೊಮ್ಮೆ ಕೇಳುತ್ತಿದ್ದಳು.

“ನೋವು ಅಷ್ಟಿಲ್ಲ ಅಕ್ಕ. ಎರಡು ಸೈಜ್ ಚಿಕ್ಕ ಹೆಲ್ಮೆಟ್ ಹಾಕ್ಕೊಂಡಂಗಿದೆ,” ಎಂದು ಚಿಕ್ಕಮ್ಮ ಹಲ್ಲು ಬಿಡದೆಯೇ ಹೇಳುತ್ತಿದ್ದಳು.

ಮನೆಗೆ ಬಂದ ಮರುದಿನ ಮತ್ತೆ ಆಸ್ಪತ್ರೆಗೆ ಹೋದಾಗ ಕೊಳವೆ ತೆಗೆದು, ಬ್ಯಾಂಡೇಜು ಬಿಚ್ಚಿ, ಗದ್ದದಿಂದ ನೆತ್ತಿಗೆ ಬಿಗಿಯುವ ಎಲಾಸ್ಟಿಕ್ ಪಟ್ಟಿ ಹಾಕಿದರು. ಊತ ಇನ್ನೂ ಏರುತ್ತದೆ, ಆಮೇಲೆ ಇಳಿಯುತ್ತದೆ ಎಂದು ಮೊದಲೇ ತಿಳಿಸಿದರು. ತಿಳಿದಿರುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಮೂರನೆಯ ದಿನ ಬೆಳಿಗ್ಗೆ ಗಿರಾಕಿಗಳಿಗಾಗಿ ಗೋಡೆಗೆ ಹಾಕಿದ್ದ ನಿಲುವುಗನ್ನಡಿಯ ಮುಂದೆ ಚಿಕ್ಕಮ್ಮ ನಿಂತಿದ್ದಳು. ಕಣ್ಣುಗಳು ಎರಡು ಗೀರುಗಳಾಗಿದ್ದವು. ಬಲಗೆನ್ನೆ ಎಡಗೆನ್ನೆಗಿಂತ ದಪ್ಪ. ಕತ್ತಿನವರೆಗೆ ನೇರಳೆ ಬಣ್ಣ, ಅದರ ಅಂಚಿಗೆ ಕಪ್ಪು. ಅಮ್ಮ ಹೋಗಿ ಕನ್ನಡಿಗೆ ಒಂದು ಲಂಗದ ಬಟ್ಟೆ ಇಳಿಬಿಟ್ಟಳು.

ನಾಲ್ಕನೆಯ ದಿನ ಮಧ್ಯಾಹ್ನ ಚಿಕ್ಕಮ್ಮ ಅತ್ತಳು. ಅವಳು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಖ ಅಲುಗಾಡದೆ ಕಣ್ಣೀರು ಮಾತ್ರ ಇಳಿಯುತ್ತಿತ್ತು. “ಇದ್ದ ಮುಖಾನೂ ಕಳ್ಕೊಂಡೆ ಕಣಕ್ಕ,” ಎಂದಳು. “ಎಲ್ಲ ಚೆನ್ನಾಗಿದ್ದಾಗ ಬುದ್ಧಿ ಕೆಡ್ತು.”

‘ನಾನು ಆಗಲೇ ಹೇಳಿರಲಿಲ್ವಾ’ ಎಂಬ ಮಾತು ಅಮ್ಮನ ನಾಲಿಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು. ಅವಳು ಅದನ್ನು ನುಂಗಿಕೊಂಡಳು. ನನ್ನ ಕಡೆ ತಿರುಗಿ, “ಆಸ್ಪತ್ರೆಗೆ ಫೋನ್ ಮಾಡು,” ಎಂದಳು.

ನರ್ಸು ಸರಸರನೆ ಪ್ರಶ್ನೆ ಕೇಳಿದಳು. ಒಂದೇ ಪಕ್ಕ ಇದ್ದಕ್ಕಿದ್ದಂತೆ ಉಬ್ಬಿ ಗಟ್ಟಿಯಾಗಿದೆಯೇ? ತಡೆಯಲಾಗದ ನೋವೇ? ಜ್ವರವೇ? ಗಾಯದಿಂದ ಕೀವು, ರಕ್ತ? ಇವುಗಳಲ್ಲಿ ಒಂದಿದ್ದರೂ ಈಗಲೇ ಹೊರಡಿ ಎಂದಳು. ಯಾವುದೂ ಇರಲಿಲ್ಲ. ಎರಡು ಕೆನ್ನೆ ಬೇರೆ ಬೇರೆ ದಪ್ಪ ಇರುವುದು ಈ ವಾರ ಮಾಮೂಲು ಎಂದಳು. ಅಳುತ್ತಿದ್ದಾಳೆ ಎಂದೆ.

“ನಾಲ್ಕನೇ ದಿನ ತಾನೇ?” ಎಂದಳು ನರ್ಸು. “ಎಲ್ಲರೂ ಅಳ್ತಾರೆ. ಹೋದ ತಿಂಗಳು ಒಬ್ಬರು ಪೈಲ್ವಾನರು ಅತ್ತರು. ವಾರ ಕಳೀಲಿ, ಆಮೇಲೆ ಅವರೇ ನಿಮ್ಮನ್ನ ಅಳಿಸ್ತಾರೆ.”

ಪೈಲ್ವಾನರ ಸುದ್ದಿ ಕೇಳಿ ಚಿಕ್ಕಮ್ಮನಿಗೆ ನಗು ಬಂತು. ನಗಲು ಹೋಗಿ, “ಅಯ್ಯೋ, ಹೊಲಿಗೆ,” ಎಂದು ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡಳು.

ಐದನೆಯ ದಿನ ತಲೆಗೆ ನೀರು ಹಾಕಬಹುದು ಎಂದರು. ಎಳೆಮಕ್ಕಳಿಗೆ ಹಾಕುವ ಶಾಂಪೂ ತಂದು, ಅವಳನ್ನು ನೆಟ್ಟಗೆ ನಿಲ್ಲಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನಾನೇ ತೊಳೆದೆ. ಕಿವಿಯ ಹಿಂದೆ ಬೆರಳು ತಾಗಿದಾಗ, “ನೋವಾಯ್ತಾ ಚಿಕ್ಕಮ್ಮ?” ಎಂದೆ. “ಅಲ್ಲಿದೀಯಾ ನೀನು? ನಂಗೆ ಗೊತ್ತೇ ಆಗ್ಲಿಲ್ಲ,” ಎಂದಳು. ಕಿವಿಗಳಿಗೂ ಕೆನ್ನೆಗೂ ಸ್ಪರ್ಶವೇ ಇರಲಿಲ್ಲ. ಫೋನು ಕಿವಿಗೆ ತಾಗಿದೆಯೋ ಇಲ್ಲವೋ ತಿಳಿಯದೆ ಅವಳು ಗಾಳಿಗೆ ಹಲೋ ಹಲೋ ಎನ್ನುತ್ತಿದ್ದುದನ್ನು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಏಳನೆಯ ದಿನ ಕಿವಿಯ ಮುಂದಿನ ಹೊಲಿಗೆ ಬಿಚ್ಚಲು ಹೋದಾಗ ಅಮ್ಮನೂ ಬಂದಳು. ಅಲ್ಲಿಯವರೆಗೆ ಅವಳು ಗಾಯದ ಕಡೆ ಸರಿಯಾಗಿ ಕಣ್ಣೆತ್ತಿ ನೋಡಿರಲಿಲ್ಲ. ಡಾಕ್ಟರು ದೀಪ ಹತ್ತಿರ ತಂದಾಗ ಅವಳು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಬಗ್ಗಿದಳು. ಇನ್ನೂ ಬಗ್ಗಿದಳು. ಕಿವಿಯ ಅಂಚಿನ ಮಡಿಕೆಯಲ್ಲೇ ಸಾಗಿ ಹಿಂದಕ್ಕೆ ಹೋಗಿ ಕೂದಲಿನಲ್ಲಿ ಮಾಯವಾಗಿದ್ದ ಹೊಲಿಗೆಯ ಸಾಲನ್ನು, ಗಿರಾಕಿ ತಂದ ಬೇರೆ ಟೈಲರನ ಕೆಲಸವನ್ನು ನೋಡುವಂತೆ ನೋಡಿದಳು.

“ನೀವು ಚರ್ಮ ಎಳೆದು ಹೊಲಿದಿಲ್ಲ,” ಎಂದಳು ಡಾಕ್ಟರರಿಗೆ.

“ಇಲ್ಲ.”

“ಎಳೆದು ಹೊಲಿದ್ರೆ ಸಾಲು ಬಾಯಿ ಬಿಡುತ್ತೆ. ಮತ್ತೆ ಹಿಡಿದಿರೋದು ಏನು?”

“ಒಳಗಿನ ಪದರ. ಎತ್ತಿ ಕಟ್ಟಿರೋದು ಅದನ್ನ. ಮೇಲಿನ ಚರ್ಮದ ಮೇಲೆ ಭಾರ ಬೀಳಲ್ಲ.”

“ಲೈನಿಂಗ್‌ಗೆ ಹೊಲಿದಿದೀರಾ ಅನ್ನಿ.”

ಡಾಕ್ಟರು ಕತ್ತರಿ ಹಿಡಿದ ಕೈ ನಿಲ್ಲಿಸಿ ಅಮ್ಮನನ್ನು ನೋಡಿದರು. “ಹೌದು. ಲೈನಿಂಗ್‌ಗೆ.”

ಅಮ್ಮ ಕನ್ನಡಕ ತೆಗೆದು ಮಡಿಸಿದಳು. “ನಲವತ್ತು ವರ್ಷದಿಂದ ಹೊಲೀತಿದೀನಿ. ಇಂಥ ಸಣ್ಣ ಹೊಲಿಗೆ ನಂಗೆ ಬರಲ್ಲ,” ಎಂದಳು. ಅಂದಿನಿಂದ ಆ ಮುಖ ದೇವರದೂ ಅಲ್ಲ, ಚಿಕ್ಕಮ್ಮನದೂ ಅಲ್ಲ; ಅಮ್ಮನದೇ ಆಗಿಬಿಟ್ಟಿತು. ಬಟ್ಟೆ ಕೊಡಲು ಬಂದವರಿಗೆಲ್ಲ, “ನನ್ನ ತಂಗಿ ಒಳಗಿದಾಳೆ, ಮುಖ ಎತ್ತಿಸ್ಕೊಂಡಿದಾಳೆ, ಹೊಲಿಗೆ ನೋಡ್ತೀರಾ?” ಎಂದು ಕೇಳತೊಡಗಿದಳು. ಗುಟ್ಟಾಗಿ ಇಡೋಣವೆಂದುಕೊಂಡಿದ್ದ ಚಿಕ್ಕಮ್ಮ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು.

ಒಂಬತ್ತನೆಯ ದಿನ ಬೇಕರಿಯವರು ಬಂದರು. ಕೈಯಲ್ಲಿ ಒಂದು ಪೊಟ್ಟಣ ಮೆತ್ತನೆಯ ಬನ್ನು. ಮೇಡಂಗೆ ಹುಷಾರಿಲ್ಲ ಎಂದಷ್ಟೇ ಡ್ರೈವಿಂಗ್ ಸ್ಕೂಲಿನಲ್ಲಿ ಹೇಳಿದ್ದರಂತೆ. ಒಂದು ವಾರದಲ್ಲಿ ಅವರ ನಾಲ್ಕನೆಯ ಪರೀಕ್ಷೆ. ಹೊಸ ಮಾಸ್ತರರು ಕೂಗಾಡುತ್ತಾರೆ, ಪರೀಕ್ಷೆ ಬಿಟ್ಟೇಬಿಡುತ್ತೇನೆ ಎಂದು ಹೇಳಿ ಹೋಗಲು ಬಂದಿದ್ದರು. ನೇರಳೆ ಬಣ್ಣ ಅಷ್ಟರಲ್ಲಿ ಹಸಿರು ಹಳದಿಗೆ ಇಳಿದಿತ್ತು. ಚಿಕ್ಕಮ್ಮ ತಲೆಗೆ ಸ್ಕಾರ್ಫು ಕಟ್ಟಿ, ಕಪ್ಪು ಕನ್ನಡಕ ಹಾಕಿ, ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ಅವರ ಕಡೆ ತಿರುಗಿಸಿದಳು.

“ಅಪಘಾತವಾ ಮೇಡಂ?” ಎಂದರು ಅವರು, ಧ್ವನಿ ಇಳಿಸಿ.

“ಅಲ್ಲ. ಮುಖ ಎತ್ತಿಸ್ಕೊಂಡೆ.”

ಅವರು ಪೊಟ್ಟಣವನ್ನು ಕತ್ತರಿಸುವ ಮೇಜಿನ ಮೇಲಿಟ್ಟರು. “ಅವತ್ತು ನಾನು ಆಡಿದ ಮಾತಿಂದಾನಾ?”

“ನಿಮ್ಮ ಮಾತಿಂದ ಗೊತ್ತಾಯ್ತು. ಮಾಡಿಸ್ಕೊಂಡಿದ್ದು ನನ್ನಿಷ್ಟ. ಕೂತ್ಕೊಳ್ಳಿ. ಅಲ್ಲಲ್ಲ, ಮಶೀನಿನ ಮುಂದೆ.”

ಅಮ್ಮನ ಹಳೆಯ ಕಾಲ್ತುಳಿತದ ಹೊಲಿಗೆ ಯಂತ್ರದ ಮುಂದೆ ಆ ದಪ್ಪ ಮನುಷ್ಯನನ್ನು ಕೂರಿಸಿದಳು. ಕೈಗೆ ಸ್ಟೀಲಿನ ಒಂದು ದೊಡ್ಡ ಮುಚ್ಚಳ ಕೊಟ್ಟು ಸ್ಟೇರಿಂಗ್ ಎಂದಳು. ಕಾಲಹಲಗೆಯ ಎಡ ತುದಿ ಕ್ಲಚ್ಚು, ಬಲ ತುದಿ ಬ್ರೇಕು. ಹಿಂದಿನ ಕನ್ನಡಿಗೆ ಗೋಡೆಯ ನಿಲುವುಗನ್ನಡಿ; ಅದರ ಮೇಲಿದ್ದ ಲಂಗದ ಬಟ್ಟೆಯನ್ನು ಅವಳೇ ಎಳೆದು ತೆಗೆದಳು. ತಾನು ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು.

“ನೀವು ಓಡ್ಸೋದ್ರಲ್ಲಿ ತಪ್ಪಿಲ್ಲ. ಪಕ್ಕದಲ್ಲಿ ಕೂತೋರ ಮುಖ ಓದ್ತೀರಿ, ಅದೇ ತಪ್ಪು. ಪರೀಕ್ಷೆ ಮಾಡೋರು ಹುಬ್ಬು ಗಂಟಿಕ್ಕಿದ್ರೆ ನಿಮ್ಮ ಕಾಲು ಬ್ರೇಕಿಗೆ ಹೋಗುತ್ತೆ. ಅವರಿಗೆ ಬೆಳಿಗ್ಗೆ ಹೆಂಡ್ತಿ ಜೊತೆ ಜಗಳ ಆಗಿರಬಹುದು, ಹಲ್ಲುನೋವಿರಬಹುದು. ನಿಮಗ್ಯಾಕೆ? ಈಗ ನನ್ನ ಕಡೆ ನೋಡೋದಕ್ಕೆ ಏನೂ ಇಲ್ಲ, ಬರೀ ಊತ. ರಸ್ತೆ ನೋಡಿ.”

ರಸ್ತೆಯೆಂದರೆ ಎದುರಿಗೆ ನೇತುಹಾಕಿದ್ದ ಅರೆ ಹೊಲಿದ ಆರು ಶರ್ಟುಗಳು. ಐದು ದಿನ, ದಿನಕ್ಕೆ ಒಂದು ಗಂಟೆ, ಬೇಕರಿಯವರು ಆ ಶರ್ಟುಗಳ ನಡುವೆ ಕಾರು ಓಡಿಸಿದರು. ಅಮ್ಮ ಕತ್ತರಿ ಹಿಡಿದು ಅಡ್ಡ ಬಂದು ಪಾದಚಾರಿಯಾಗುತ್ತಿದ್ದಳು. ಒಮ್ಮೆ ಬೇಕೆಂದೇ ಪೊಲೀಸಮ್ಮನಾದಳು. ನಡುವೆ ಚಿಕ್ಕಮ್ಮನಿಗೆ ಆಯಾಸವಾದರೆ ಕಣ್ಣು ಮುಚ್ಚಿ ಒರಗುತ್ತಿದ್ದಳು. ಆದರೂ “ಗೇರ್ ಬದಲಾಯಿಸ್ಲಿಲ್ಲ ನೀವು,” ಎಂದು ಅಲ್ಲಿಂದಲೇ ಹೇಳುತ್ತಿದ್ದಳು.

ಹದಿನಾರನೆಯ ದಿನ ಪರೀಕ್ಷೆ. ಕಾರು ಓಡಿಸಲು ಚಿಕ್ಕಮ್ಮನಿಗೆ ಇನ್ನೂ ಅನುಮತಿ ಇರಲಿಲ್ಲ. ಕತ್ತು ಎರಡೂ ಕಡೆ ಸಲೀಸಾಗಿ ತಿರುಗುವವರೆಗೆ ಸ್ಟೇರಿಂಗ್ ಮುಟ್ಟಬಾರದು ಎಂದಿದ್ದರು. ಆದರೆ ಹೋಗಿ ನೋಡಲು ಅಡ್ಡಿಯಿರಲಿಲ್ಲ. ಕಿವಿಯ ಹಿಂದಿನ ಉಳಿದ ಹೊಲಿಗೆಗಳೂ ಎರಡು ದಿನದ ಹಿಂದೆ ಹೋಗಿದ್ದವು. ಹಳದಿ ಕಲೆಗಳ ಮೇಲೆ ತೆಳ್ಳಗೆ ಪೌಡರು ಹಚ್ಚಿ, ಬಿಸಿಲು ಬೀಳದಂತೆ ಅಗಲ ಅಂಚಿನ ಹ್ಯಾಟು ಹಾಕಿ ಹೊರಟಳು. ಡ್ರೈವಿಂಗ್ ಸ್ಕೂಲಿನ ಮಾಲೀಕರು ಮೈದಾನದ ಬೇಲಿಯ ಬಳಿ ನಿಂತಿದ್ದರು. ಒಮ್ಮೆ ನೋಡಿ ಆಚೆ ತಿರುಗಿದರು, ಮತ್ತೆ ನೋಡಿದರು. “ರಜೆ ಹಾಕಿ ಒಳ್ಳೆ ಜಾಗಕ್ಕೆ ಹೋಗಿದ್ರಿ ಅನ್ಸುತ್ತೆ,” ಎಂದರು.

“ನಮ್ಮಕ್ಕನ ಅಂಗಡಿಗೆ,” ಎಂದಳು ಚಿಕ್ಕಮ್ಮ.

ಬೇಕರಿಯವರ ಪಕ್ಕ ಕೂತ ಪರೀಕ್ಷಕರ ಮುಖ ದೂರದಿಂದಲೇ ಹರಳೆಣ್ಣೆ ಕುಡಿದವರಂತೆ ಕಾಣುತ್ತಿತ್ತು. ಕಾರು ಹೊರಟಿತು. ಏರಿನಲ್ಲಿ ನಿಂತಿತು, ಹಿಂದಕ್ಕೆ ಒಂದು ಗೇಣೂ ಜಾರದೆ ಮತ್ತೆ ಹೊರಟಿತು. ಎರಡು ಕಂಬಗಳ ನಡುವೆ ಹಿಮ್ಮುಖವಾಗಿ ಸಾಗಿತು. ಬೇಕರಿಯವರು ಒಮ್ಮೆಯೂ ಪಕ್ಕಕ್ಕೆ ನೋಡಲಿಲ್ಲ. ಚಿಕ್ಕಮ್ಮನ ಬಲಗಾಲು ಮಾತ್ರ ಬೇಲಿಯ ಈಚೆ, ಮಣ್ಣಿನಲ್ಲಿ, ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಪಾಸಾದರು. ಕಾಗದ ಹಿಡಿದು ಓಡಿಬಂದ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಚಿಕ್ಕಮ್ಮ ನಕ್ಕಳು. ಹ್ಯಾಟು ಹಿಂದಕ್ಕೆ ಜಾರುವಷ್ಟು ನಕ್ಕಳು. ಕೆನ್ನೆ ಬಿಗಿಯಿತು, ಕಿವಿಯ ಬಳಿ ಚುಳ್ಳೆಂದಿತು, ಆದರೂ ನಿಲ್ಲಿಸಲಿಲ್ಲ. ಬೇಕರಿಯವರು ಕಾಗದವನ್ನು ಮರೆತು ಅವಳನ್ನೇ ನೋಡಿದರು.

“ಮೇಡಂ, ನೀವು ನಗ್ತೀರಾ?”

“ಇಪ್ಪತ್ತಾರು ವರ್ಷದಿಂದ ನಗ್ತಾನೇ ಇದೀನಿ ಮಾರಾಯರೆ. ಈಗೆರಡು ವರ್ಷದಿಂದ ಹೊರಗೆ ಬರ್ತಿರಲಿಲ್ಲ.”

ನಾಲ್ಕನೆಯ ವಾರ ಅವಳು ಕೆಲಸಕ್ಕೆ ಮರಳಿದಳು. ಎಲ್ಲವೂ ಒಂದೇ ಸಲ ಸರಿಹೋಗಲಿಲ್ಲ. ಸಂಜೆಯಾದರೆ ಮುಖ ಬಿಗಿದು ಊದಿಕೊಳ್ಳುತ್ತಿತ್ತು. ಗಾಯದ ಗೆರೆ ತಿಂಗಳುಗಟ್ಟಲೆ ಗುಲಾಬಿ ಬಣ್ಣಕ್ಕಿತ್ತು. ಬಿಸಿಲಿಗೆ ಕ್ರೀಮು ಮರೆಯುವಂತಿರಲಿಲ್ಲ. ಬಲಗೆನ್ನೆಗೆ ತಿಂಗಳೆರಡರಲ್ಲಿ ಸ್ಪರ್ಶ ಮರಳಿತು, ಎಡಗಿವಿ ಮಾತ್ರ ಮರದ ತುಂಡಿನಂತೆ ಉಳಿಯಿತು. ಐದನೆಯ ತಿಂಗಳಲ್ಲಿ ಒಂದು ದಿನ, ಕಲಿಯುವವರೊಬ್ಬರ ಪಕ್ಕ ಕೂತು ಹೋಗುತ್ತಿದ್ದಾಗ ಕಿಟಕಿಯ ಗಾಳಿ ಆ ಕಿವಿಗೆ ತಣ್ಣಗೆ ತಾಗಿತು. ಅವಳು ತನ್ನ ಬ್ರೇಕನ್ನು ಒತ್ತಿ ಕಾರು ನಿಲ್ಲಿಸಿಬಿಟ್ಟಳಂತೆ. ಗಾಬರಿಯಾದ ಕಲಿಯುವವರಿಗೆ, “ನಿಮ್ಮ ತಪ್ಪಲ್ಲ, ನನ್ನ ಕಿವಿ ವಾಪಸ್ ಬಂತು,” ಎಂದು ಹೇಳಿ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳಂತೆ.

ಈಗ ಅವಳಿಗೆ ಅರವತ್ತು. ಅರವತ್ತರಂತೆಯೇ ಕಾಣುತ್ತಾಳೆ; ಹಣೆಯ ಗೆರೆಗಳಿವೆ, ಕಣ್ಣಿನ ತುದಿಯ ಸುಕ್ಕುಗಳಿವೆ. ಆದರೆ ಖುಷಿಯಾದರೆ ಖುಷಿ ಕಾಣುತ್ತದೆ, ಸಿಟ್ಟು ಬಂದರೆ ಸಿಟ್ಟು. ಯಾರೂ ಬೇಜಾರೇ ಎಂದು ಕೇಳುವುದಿಲ್ಲ. ಬೇಕರಿಯವರು ವ್ಯಾನು ಓಡಿಸಿದ ಸುದ್ದಿ ಹರಡಿ, ಸೋತು ಸುಣ್ಣವಾದವರೆಲ್ಲ ಅವಳನ್ನೇ ಹುಡುಕಿಕೊಂಡು ಬರತೊಡಗಿದ್ದರು. ಮಾಲೀಕರ ಒಪ್ಪಿಗೆ ಪಡೆದು ಅವಳು ಭಾನುವಾರ ಬೆಳಿಗ್ಗೆ ಒಂದು ಬೇರೆ ತರಗತಿ ಶುರು ಮಾಡಿದಳು: ಕಡಿಮೆಯೆಂದರೂ ಮೂರು ಸಲ ಫೇಲಾದವರಿಗೆ ಮಾತ್ರ. ಹೋದ ವರ್ಷ ಅದರಿಂದ ಹನ್ನೊಂದು ಜನ ಪಾಸಾದರು.

ಈ ವರ್ಷದ ಮೊದಲ ಭಾನುವಾರ ನಿಯಮ ಮುರಿದು ಒಬ್ಬಳನ್ನು ಸೇರಿಸಿಕೊಂಡಿದ್ದಾಳೆ. ಒಮ್ಮೆಯೂ ಪರೀಕ್ಷೆಗೆ ಹೋಗದ, ಅರವತ್ತೈದರ ನನ್ನ ಅಮ್ಮ. ನಾನು ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂತಿದ್ದೆ. ಖಾಲಿ ಮೈದಾನದಲ್ಲಿ ಕಾರು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ನೇರ ಹೊರಟಿತು.

“ನೋಡು, ಹೋಗ್ತಿದೆ,” ಎಂದಳು ಅಮ್ಮ.

“ಹೋಗ್ಲಿ ಬಿಡು. ಎರಡನೇ ಗೇರ್ ಹಾಕು, ಅಕ್ಕ,” ಎಂದಳು ಚಿಕ್ಕಮ್ಮ. ಅಮ್ಮ ಹಾಕಿದಳು.